ಓದು ಹತ್ತದ ಮಗು, ಕೈಯಲ್ಲಿ ಸಾವಿರ ರೂಪಾಯಿ: ಮೊದಲು ಯಾವುದಕ್ಕೆ ಖರ್ಚು ಮಾಡುವುದು?

“ಮೇಡಂ, ತಿಂಗಳಿಗೆ ಒಂದು ಸಾವಿರ ರೂಪಾಯಿ ಎತ್ತಿಡಬಲ್ಲೆ. ಟ್ಯೂಷನ್‌ಗೆ ಸೇರಿಸಲೇ, ಬೆಂಗಳೂರಿಗೆ ಕರೆದೊಯ್ದು ತೋರಿಸಲೇ, ಶಾಲೆಯನ್ನೇ ಬದಲಿಸಲೇ?”

ಹೂವು ಮಾರುವ ತಾಯಿಯೊಬ್ಬರು ಕೇಳಿದ ಮಾತಿದು. ಮಗ ಐದನೇ ತರಗತಿ. ಮೊಳಕ್ಕೆ ಎಷ್ಟು, ಮಾರಿಗೆ ಎಷ್ಟು ಎಂದು ಬಾಯಿಲೆಕ್ಕದಲ್ಲೇ ಹೇಳಿ ಚಿಲ್ಲರೆ ಎಣಿಸಿ ಕೊಡುವ ಹುಡುಗ. ಪುಸ್ತಕ ಕೈಗಿಟ್ಟರೆ ಮಾತ್ರ ‘ಕಿಟಕಿ’ಯನ್ನು ‘ಕಟಿಕ’ ಎಂದು ಓದುತ್ತಾನೆ; ಒತ್ತಕ್ಷರ ಎದುರಾದರೆ ಅಲ್ಲೇ ನಿಂತು ಅಮ್ಮನ ಸೆರಗು ಎಳೆಯುತ್ತಾನೆ. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಾ ಬಂದ ನನ್ನ ಮುಂದೆ ಇದೇ ಪ್ರಶ್ನೆ ಬೇರೆ ಬೇರೆ ಬಾಯಿಗಳಿಂದ ಬರುತ್ತಲೇ ಇರುತ್ತದೆ. ನಾನು ಉತ್ತರ ಕೊಡುವ ಮೊದಲು ತಿರುಗಿ ಕೇಳುವುದು ಒಂದೇ: ಮಗು ಎಷ್ಟನೇ ತರಗತಿ? ಕೈಯಲ್ಲಿ ಎಷ್ಟು ಹಣವಿದೆ ಎಂಬುದು ಆಮೇಲಿನ ಮಾತು. ಮೂರನೇ ತರಗತಿಯ ಮಗುವಿಗೆ ಸರಿಯಾದ ಖರ್ಚು ಒಂಬತ್ತನೇ ತರಗತಿಯ ಮಗುವಿಗೆ ದಂಡವಾಗಬಹುದು. ಇದಕ್ಕೆ ವಿರುದ್ಧವಾದುದೂ ಅಷ್ಟೇ ನಿಜ.

ಅದಕ್ಕೂ ಮೊದಲು ಕಾಸು ಬಿಚ್ಚದೆ ಮಾಡಬೇಕಾದ ಎರಡು ಕೆಲಸಗಳಿವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣು ಮತ್ತು ಕಿವಿ ತೋರಿಸಿ. ಕರಿಹಲಗೆ ಕಾಣದ ಮಗುವಿಗೂ, ಕಿವಿ ಸೋರಿ ಅರ್ಧ ಕೇಳಿಸುವ ಮಗುವಿಗೂ ‘ದಡ್ಡ’ ಎಂಬ ಹಣೆಪಟ್ಟಿ ಬಿದ್ದಿರುವುದನ್ನು ಕಂಡಿದ್ದೇನೆ. ಎರಡನೆಯದು, ಆಡುನುಡಿಯನ್ನು ನ್ಯೂನತೆ ಎಂದುಕೊಳ್ಳಬೇಡಿ. ಹಳ್ಳಿಯ ಮಗು ‘ಧನ’ವನ್ನು ‘ದನ’ ಎಂದರೆ, ‘ಹಳ್ಳಿ’ಯನ್ನು ‘ಅಳ್ಳಿ’ ಎಂದರೆ ಅದು ಮನೆಮಾತು. ಕನ್ನಡದ ಕಾಗುಣಿತ, ಒತ್ತಕ್ಷರಗಳೆಲ್ಲ ಕೈವಶವಾಗಲು ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಕೆಲವು ವರ್ಷಗಳೇ ಹಿಡಿಯುತ್ತವೆ. ಆದರೆ ಜೊತೆಯ ಮಕ್ಕಳು ಸರಾಗವಾಗಿ ಓದುತ್ತಿರುವಾಗ ಇವನು ಇನ್ನೂ ಒಂದೊಂದೇ ಅಕ್ಷರ ಕೂಡಿಸುತ್ತಿದ್ದರೆ, ನಿನ್ನೆ ಬಂದ ಪದ ಇಂದು ಮಾಯವಾಗಿದ್ದರೆ, ಇಳಿ–ಈಳಿಗಳ ಹ್ರಸ್ವ–ದೀರ್ಘ ವರ್ಷಗಟ್ಟಲೆ ಕಲಸಿಹೋಗುತ್ತಿದ್ದರೆ ಎಚ್ಚರವಾಗಬೇಕು.

ಅಳೆಯುವ ಕೋಲುಗಳು

ಯಾವ ದಾರಿ ಹಿಡಿದರೂ ನಾನು ಐದು ವಿಷಯ ನೋಡುತ್ತೇನೆ. ಒಟ್ಟು ಖರ್ಚು ಎಷ್ಟು? ಶುಲ್ಕ ಮಾತ್ರವಲ್ಲ, ಬಸ್ ಚಾರ್ಜು ಮತ್ತು ಬಿಟ್ಟ ಕೂಲಿಯೂ ಸೇರಬೇಕು. ವಾರದಲ್ಲಿ ಎಷ್ಟು ದಿನ ಮಗುವಿಗೆ ನೆರವು ಸಿಗುತ್ತದೆ? ಮಗು ಶಾಲೆಯಲ್ಲಿ ಓದುವ ಭಾಷೆಯಲ್ಲೇ ಸಿಗುತ್ತದೆಯೇ? ಮಗುವಿನ ತೊಂದರೆಯ ಬಗ್ಗೆ ಕೈಗೆ ಬರುವ ಕಾಗದವನ್ನು ಪರೀಕ್ಷಾ ಮಂಡಳಿ ಒಪ್ಪುತ್ತದೆಯೇ? ಕೊನೆಯದಾಗಿ, ಮಗು ಅಲ್ಲಿಂದ ತಲೆ ಎತ್ತಿ ಬರುತ್ತದೆಯೇ, ತಗ್ಗಿಸಿ ಬರುತ್ತದೆಯೇ?

ಇವುಗಳಲ್ಲಿ ಜನ ಹೆಚ್ಚು ಮರೆಯುವುದು ಎರಡನೆಯದನ್ನು. ಓದಿನ ತೊಂದರೆಗೆ ಔಷಧವಿಲ್ಲ; ಇರುವುದು ಕ್ರಮಬದ್ಧವಾದ, ಪ್ರತಿದಿನದ ಅಭ್ಯಾಸ. ವಾರಕ್ಕೊಮ್ಮೆ ಎರಡು ಗಂಟೆ ಕುಳ್ಳಿರಿಸುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಮೇಲು.

ಪರೀಕ್ಷೆ ಮಾಡಿಸುವುದು: ಸರ್ಕಾರಿಯೋ ಖಾಸಗಿಯೋ

ಬುದ್ಧಿಗೆ ಕೊರತೆಯಿಲ್ಲದಿದ್ದರೂ ಓದು, ಬರಹ ಅಥವಾ ಲೆಕ್ಕ ಹತ್ತದಿರುವುದಕ್ಕೆ ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎನ್ನುತ್ತಾರೆ; ಅದರಲ್ಲಿ ಓದಿಗೆ ಸಂಬಂಧಿಸಿದ್ದೇ ಡಿಸ್ಲೆಕ್ಸಿಯಾ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ನ್ಯೂನತೆಯನ್ನು ತನ್ನ 21 ಬಗೆಯ ವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿತು. ಅದನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ಮಾರ್ಗಸೂಚಿ 2018ರ ಜನವರಿಯಲ್ಲಿ ಬಂತು. ಮಕ್ಕಳ ವೈದ್ಯರು ನೋಡಬೇಕು, ಮನಶ್ಶಾಸ್ತ್ರಜ್ಞರು ಬುದ್ಧಿಮಟ್ಟ ಅಳೆಯಬೇಕು, ಆಮೇಲೆ ಓದು, ಬರಹ, ಲೆಕ್ಕಗಳ ಪರೀಕ್ಷೆ. ಇದಕ್ಕೆ ಬಳಸುವುದು ನಮ್ಮ ನಿಮ್ಹಾನ್ಸ್‌ನಲ್ಲೇ ರೂಪುಗೊಂಡ ಪರೀಕ್ಷಾ ಸರಣಿ. ಮಗುವಿಗೆ ಎಂಟು ವರ್ಷ ತುಂಬುವ ಮೊದಲು ಪ್ರಮಾಣಪತ್ರ ಸಿಗುವುದಿಲ್ಲ. ಆ ಮಾರ್ಗಸೂಚಿಯ ಪ್ರಕಾರ 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷೆ ಆಗಬೇಕು. ಒಂದನೇ ತರಗತಿಯ ಮಗುವಿಗೆ “ಡಿಸ್ಲೆಕ್ಸಿಯಾ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ” ಎಂದು ಯಾರಾದರೂ ಹಣ ಕೇಳಿದರೆ ಎದ್ದು ಬನ್ನಿ.

ಸರ್ಕಾರದ ಕಡೆ ಮೂರು ಬಾಗಿಲುಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು, ಭಾಷೆಯ ತೊಂದರೆಯೂ ಸೇರಿಕೊಂಡಿರುವ ಮಗುವಿಗೆ ನಾನು ಮೊದಲು ಹೇಳುವುದು ಅದನ್ನೇ. ಮೂರನೆಯದು ಜಿಲ್ಲಾ ಆಸ್ಪತ್ರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಶಿಕ್ಷಕರೇ ಮಗುವನ್ನು ತೋರಿಸಿ ಅಲ್ಲಿಗೆ ಚೀಟಿ ಬರೆಸಬಹುದು. ಈ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ, ಕಲಿಕೆಯ ತೊಂದರೆಯೂ ಅದರ ಪಟ್ಟಿಯಲ್ಲಿದೆ. ಬಹಳ ಪೋಷಕರಿಗೆ ಇದು ಗೊತ್ತಿಲ್ಲ. ಸಾಕಷ್ಟು ಶಿಕ್ಷಕರಿಗೂ ಗೊತ್ತಿಲ್ಲ ಎಂಬುದನ್ನು ಸ್ವಲ್ಪ ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಸರ್ಕಾರಿ ಸಂಸ್ಥೆಯಲ್ಲಿ ಶುಲ್ಕ ಕಡಿಮೆ, ಬಿಪಿಎಲ್ ಕಾರ್ಡಿದ್ದರೆ ಇನ್ನೂ ಕಡಿಮೆ. ಆದರೆ ಸರದಿ ಉದ್ದ, ಒಂದೇ ಭೇಟಿಯಲ್ಲಿ ಮುಗಿಯುವುದಿಲ್ಲ. ಹೂವಿನ ತಾಯಿಗೆ ಶಕ್ತಿ ಯೋಜನೆಯ ದೆಸೆಯಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹುಡುಗನಿಗೆ ಮಾತ್ರ ಟಿಕೆಟ್. ಅವರಿಗೆ ಭಾರವಾಗುವುದು ಮೂರು ನಾಲ್ಕು ದಿನ ಹೂವಿನ ಬುಟ್ಟಿ ಇಳಿಸದೆ ಇರುವುದು. ಈ ಲೆಕ್ಕವನ್ನು ಮೊದಲೇ ಹಾಕಿಕೊಂಡು ಬೇಸಿಗೆ ಅಥವಾ ದಸರಾ ರಜೆಯಲ್ಲಿ ಹೋದರೆ ಶಾಲೆಯಾದರೂ ತಪ್ಪುವುದಿಲ್ಲ.

ಖಾಸಗಿ ಪರೀಕ್ಷೆ ಬೇಗ ಆಗುತ್ತದೆ, ಕೂರಿಸಿ ವಿವರಿಸುತ್ತಾರೆ, ವರದಿ ಅಚ್ಚುಕಟ್ಟಾಗಿರುತ್ತದೆ. ವೆಚ್ಚ ಸಾವಿರಗಳಲ್ಲಿ. ಒಂದು ಕೊರತೆ ಏನೆಂದರೆ, ಖಾಸಗಿ ವರದಿಯೇ ಬೇರೆ, ಅಂಗವೈಕಲ್ಯ ಪ್ರಮಾಣಪತ್ರವೇ ಬೇರೆ. ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿಗೆ ಬೇಕಾದ ಪ್ರಮಾಣಪತ್ರವನ್ನು ಕೊಡುವುದು ಸರ್ಕಾರ ಅಧಿಸೂಚಿಸಿದ ವೈದ್ಯಕೀಯ ಪ್ರಾಧಿಕಾರ. ಅಂದರೆ ಸಾವಿರಾರು ಕೊಟ್ಟು ಪಡೆದ ವರದಿಯನ್ನು ಹಿಡಿದುಕೊಂಡು ಕೊನೆಗೆ ಅದೇ ಸರ್ಕಾರಿ ಸರದಿಗೇ ಬರಬೇಕು. ನನ್ನ ಪರಿಚಯದ ಚಾಲಕರೊಬ್ಬರು ಹೀಗೆ ಎರಡು ತಿಂಗಳ ಉಳಿತಾಯ ಕಳೆದುಕೊಂಡರು. ಕೈಯಲ್ಲಿ ಹಣವಿದ್ದು, ಮಗು ಚಿಕ್ಕದಿದ್ದು, ‘ಏನು ತೊಂದರೆ, ಏನು ಕಲಿಸಬೇಕು’ ಎಂಬುದಷ್ಟೇ ತಿಳಿಯಬೇಕಿದ್ದರೆ ಖಾಸಗಿ ಸರಿ. ಹೆಚ್ಚುವರಿ ಸಮಯ, ಬರಹಗಾರರ ನೆರವಿನಂಥ ಪರೀಕ್ಷಾ ರಿಯಾಯಿತಿ ಬೇಕಿದ್ದರೆ ನೇರವಾಗಿ ಸರ್ಕಾರಿ ಬಾಗಿಲಿಗೆ ಹೋಗಿ. ಅರ್ಜಿ ತುಂಬಿಸಲು ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಏಜೆಂಟರಿಗೆ ದುಡ್ಡು ಕೊಡಬೇಡಿ.

ಕಲಿಸುವವರು ಯಾರು

ಇಲ್ಲಿ ಹಣ ಸೋರುವುದು ಹೆಚ್ಚು, ಆದ್ದರಿಂದ ನಿಧಾನವಾಗಿ ನೋಡೋಣ.

ಇಂಥ ಮಕ್ಕಳಿಗೆ ಕಲಿಸಲೆಂದೇ ತರಬೇತಿ ಪಡೆದ ವಿಶೇಷ ಶಿಕ್ಷಕರು ಒಂದೊಂದೇ ಮಗುವನ್ನು ಕೂರಿಸಿಕೊಂಡು ಕಲಿಸಿದರೆ ಅದಕ್ಕೆ ಸರಿಸಾಟಿ ಇಲ್ಲ. ಆದರೆ ಗಂಟೆಗೆ 600 ರೂಪಾಯಿ ಎಂದಿಟ್ಟುಕೊಂಡರೂ ವಾರಕ್ಕೆ ಎರಡರಂತೆ ತಿಂಗಳಿಗೆ 4,800. ಒಂದೆರಡು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ, ವರ್ಷಗಟ್ಟಲೆ ಹಿಡಿಯುತ್ತದೆ. ಸಾಲ ಮಾಡಿ ಆರಂಭಿಸಿ ನಾಲ್ಕನೇ ತಿಂಗಳಿಗೆ ನಿಲ್ಲಿಸುವವರೇ ಹೆಚ್ಚು. ಅಷ್ಟರಲ್ಲಿ ಮಗುವಿಗೂ ‘ನನ್ನಿಂದ ಆಗಲಿಲ್ಲ’ ಎಂಬ ಭಾವನೆ ಬಂದಿರುತ್ತದೆ. ಕೊಡಬಲ್ಲವರು ಕೊಡಿ, ಆದರೆ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ, ಕನ್ನಡ ಓದಿಸಲು ಬರುತ್ತದೆಯೇ ಎಂದು ಕೇಳಿ. ನಗರಗಳಲ್ಲಿ ಇಂಗ್ಲಿಷ್ ಓದಿಸುವವರು ಸಿಗುತ್ತಾರೆ, ಕಾಗುಣಿತ ಗೊತ್ತಿರುವವರನ್ನು ಹುಡುಕಬೇಕು.

ಸಾಮಾನ್ಯ ಟ್ಯೂಷನ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಹದಿನೈದು ಮಕ್ಕಳ ನಡುವೆ ಕೂತು, ಶಾಲೆಯಲ್ಲಿ ಅರ್ಥವಾಗದ ಪಾಠವನ್ನೇ ಸಂಜೆ ಇನ್ನೂ ವೇಗವಾಗಿ ಕೇಳುವುದು. ಹೋಂವರ್ಕ್ ಮುಗಿಯುತ್ತದೆ, ನೋಟ್ಸ್ ತುಂಬುತ್ತದೆ, ಓದು ಬರುವುದಿಲ್ಲ. ಬಾರದ ಪದವನ್ನು ಹತ್ತು ಸಲ ಬರೆಸುವ ರೂಢಿಯಂತೂ ತಪ್ಪನ್ನೇ ಹತ್ತು ಸಲ ಕಲಿಸುತ್ತದೆ.

ಸರ್ಕಾರಿ ಶಾಲೆಯ ಮಗುವಿಗೆ ಇರುವ ಉಚಿತ ನೆರವು ಎಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರು. ಸಮನ್ವಯ ಶಿಕ್ಷಣಕ್ಕೆಂದೇ, ಅಂದರೆ ವಿಕಲಚೇತನ ಮಕ್ಕಳೂ ಉಳಿದವರ ಜೊತೆಗೇ ಕಲಿಯಲೆಂದು ತಾಲ್ಲೂಕು ಮಟ್ಟದಲ್ಲಿ ಇರುವವರು. ಒಂದಿಡೀ ತಾಲ್ಲೂಕು ಅವರ ಹೆಗಲ ಮೇಲಿರುವುದರಿಂದ ನಿಮ್ಮ ಮಗುವಿಗೆ ವಾರಕ್ಕೆ ಎರಡು ದಿನ ಕಲಿಸುತ್ತಾರೆಂದು ನಿರೀಕ್ಷಿಸಬೇಡಿ. ಅವರಿಂದ ಪಡೆಯಬೇಕಾದುದು ಬೇರೆ: ತಪಾಸಣಾ ಶಿಬಿರ ಯಾವಾಗ ಎಂಬ ಮಾಹಿತಿ, ತರಗತಿ ಶಿಕ್ಷಕರಿಗೆ ಒಂದು ಮಾತು, ಮನೆಯಲ್ಲಿ ಮಾಡಬೇಕಾದುದರ ಪಟ್ಟಿ. ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಕರೆಸಿಕೊಳ್ಳಿ. ಬಾಯಿಮಾತು ಜಾತ್ರೆಯ ಗದ್ದಲದಲ್ಲಿ ಕರೆದಂತೆ.

ಮೊಬೈಲಿನಲ್ಲೂ ಉಪಯುಕ್ತವಾದ ಕೆಲವು ಉಚಿತ ವಸ್ತುಗಳಿವೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕತೆಗಳು ಓದಿನ ಹಂತಕ್ಕೆ ತಕ್ಕಂತೆ ವಿಂಗಡವಾಗಿವೆ. ಐದನೇ ತರಗತಿಯ ಹುಡುಗನಿಗೆ ಒಂದನೇ ಹಂತದ ಕತೆ ಕೊಟ್ಟರೂ ಅದು ‘ಒಂದನೇ ತರಗತಿ ಪುಸ್ತಕ’ದಂತೆ ಕಾಣುವುದಿಲ್ಲ, ಮರ್ಯಾದೆ ಉಳಿಯುತ್ತದೆ. ಅಕ್ಷರ ಫೌಂಡೇಶನ್‌ನ ಗಣಿತದ ಆ್ಯಪ್ ಕನ್ನಡದಲ್ಲಿದೆ. ಆಂಡ್ರಾಯ್ಡ್ ಫೋನ್ ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ವಿಜ್ಞಾನ, ಸಮಾಜ ಪಾಠಗಳನ್ನು ಹಾಗೆ ಕೇಳಿಸಿದರೆ ಓದು ಬರುವವರೆಗೆ ವಿಷಯ ಹಿಂದೆ ಬೀಳುವುದಿಲ್ಲ. ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯ ದೃಷ್ಟಿ ತೊಂದರೆಯವರಿಗೆ ಮಾತ್ರವಲ್ಲ, ಡಿಸ್ಲೆಕ್ಸಿಯಾ ಇರುವವರಿಗೂ ತೆರೆದಿದೆ. ಆದರೆ ಮಗುವಿನ ಕೈಗೆ ಫೋನ್ ಕೊಟ್ಟು ಒಲೆಯ ಮುಂದೆ ಹೋದರೆ ಐದು ನಿಮಿಷಕ್ಕೆ ಅಲ್ಲಿ ರೀಲ್ಸ್ ಓಡುತ್ತಿರುತ್ತದೆ. ದೊಡ್ಡವರೊಬ್ಬರು ಪಕ್ಕದಲ್ಲಿ ಕೂರಲೇಬೇಕು.

ಉಳಿದದ್ದು ಮನೆಪಾಠ. ಪಡಸಾಲೆಯಲ್ಲಿ ಅಪ್ಪನೋ ಅಮ್ಮನೋ ಕೂತು ಮಾಡುವುದು. ಖರ್ಚಿಲ್ಲ, ಪ್ರತಿದಿನ ಆಗುತ್ತದೆ. ಅಡ್ಡಿ ಎರಡು: ಕೆಲವು ಪೋಷಕರಿಗೆ ಓದು ಬಾರದು, ಬರುವವರಿಗೆ ತಾಳ್ಮೆ ಸಾಲದು. ಸ್ವಂತ ಮಗುವಿಗೆ ಕಲಿಸುವಾಗ ಎಂಥ ಸಾಧುವಿನ ಕೈಯೂ ಮೇಲೇಳುತ್ತದೆ. ನನ್ನದೂ ಎದ್ದಿದೆ.

ಹೀಗಾಗಿ ಹೂವಿನ ತಾಯಿಗೆ ಹೇಳಿದ್ದು ಮಧ್ಯದ ದಾರಿ. ಅವರ ಬೀದಿಯಲ್ಲೇ ಪದವಿ ಓದುತ್ತಿದ್ದ ಹುಡುಗಿಯೊಬ್ಬಳಿದ್ದಳು. ತಿಂಗಳಿಗೆ 700 ರೂಪಾಯಿಗೆ ಅವಳು ವಾರದಲ್ಲಿ ಆರು ದಿನ ಅರ್ಧ ಗಂಟೆ ಈ ಒಬ್ಬ ಹುಡುಗನನ್ನು ಮಾತ್ರ ಕೂರಿಸಿಕೊಳ್ಳಬೇಕು. ಶಾಲೆಯ ಹೋಂವರ್ಕ್ ಮುಟ್ಟಬಾರದು, ಓದು ಮಾತ್ರ. ಉಳಿದ 300 ರೂಪಾಯಿ ಕೂಡಿಟ್ಟು ಎರಡು ತಿಂಗಳಿಗೊಮ್ಮೆ ವಿಶೇಷ ಶಿಕ್ಷಕರ ಬಳಿ ಹೋಗುವುದು, ಆ ಹುಡುಗಿಯನ್ನೂ ಜೊತೆಗೆ ಕರೆದೊಯ್ಯುವುದು, ಮುಂದಿನ ಎರಡು ತಿಂಗಳ ಕೆಲಸ ಬರೆಸಿಕೊಂಡು ಬರುವುದು. ತಜ್ಞರು ದಾರಿ ತೋರಿಸಲಿ, ನಡೆಸಿಕೊಂಡು ಹೋಗುವುದು ಪಕ್ಕದ ಮನೆಯ ಅಕ್ಕ. ಸಾವಿರ ರೂಪಾಯಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತಿಳಿದಿಲ್ಲ.

ಆ ಅರ್ಧ ಗಂಟೆಯಲ್ಲಿ ಏನು ಮಾಡುವುದು? ಮೊದಲು ಬಾಯಿಯಾಟ: ‘ಕಮಲ’ದಲ್ಲಿ ‘ಕ’ ತೆಗೆದರೆ ಏನು ಉಳಿಯುತ್ತದೆ, ‘ಬಳೆ’ಯ ‘ಬ’ ಜಾಗದಲ್ಲಿ ‘ಮ’ ಇಟ್ಟರೆ ಏನಾಗುತ್ತದೆ. ಆಮೇಲೆ ತಟ್ಟೆಯಲ್ಲಿ ರಾಗಿ ಹರಡಿ ಬೆರಳಿನಿಂದ ಬರೆಯುವುದು, ಬರೆಯುತ್ತಲೇ ಗಟ್ಟಿಯಾಗಿ ಹೇಳುವುದು. ಒಂದೇ ರೂಪದ ಅಕ್ಷರಗಳನ್ನು ಒಟ್ಟಿಗೆ ಕಲಿಸಬಾರದು. ‘ವ’ ಗಟ್ಟಿಯಾದ ಮೇಲೆ ವಾರಗಳು ಕಳೆದು ‘ಮ’, ‘ಪ’ ಆದಮೇಲೆ ‘ಷ’. ಕಾಗುಣಿತವನ್ನು ಪದ್ಯದಂತೆ ಸಾಲಾಗಿ ಒಪ್ಪಿಸುವ ಮಗುವಿಗೆ ನಡುವಿನಿಂದ ‘ಕೆ’ ತೋರಿಸಿದರೆ ತಿಳಿಯುವುದಿಲ್ಲ, ಹಾಗಾಗಿ ಚೀಟಿಗಳಲ್ಲಿ ಬರೆದು ಕಲಸಿ ಕೇಳಬೇಕು. ಕೊನೆಗೆ ಐದಾರು ಸಾಲಿನ ಒಂದೇ ತುಣುಕನ್ನು ಮೂರು ದಿನ ಜೊತೆಯಾಗಿ ಓದುವುದು. ಮೂರನೇ ದಿನ ಎಷ್ಟು ಬೇಗ ಮುಗಿಸಿದೆ ಎಂದು ಗಡಿಯಾರ ತೋರಿಸಿದರೆ ಮಗುವಿನ ಮುಖ ನೋಡಬೇಕು. ಲೆಕ್ಕದಲ್ಲಿ ಎಡವುವ ಮಗುವಿಗೆ ಅಜ್ಜಿಯ ಅಳಗುಳಿಮಣೆ, ಚೌಕಾಬಾರವನ್ನು ಕೆಳಗಿಳಿಸಿ. ಹುಣಸೆ ಬೀಜ ಎಣಿಸಿ ಹಾಕುತ್ತಾ ಹೋದಾಗ ಬರುವ ಸಂಖ್ಯೆಯ ಅಂದಾಜು ಮಗ್ಗಿ ಉರುಹೊಡೆದರೆ ಬರುವುದಿಲ್ಲ.

ಹಣ ಹಾಕಬಾರದ ಕಡೆಗಳನ್ನೂ ಹೇಳಿಬಿಡುತ್ತೇನೆ: ನೆನಪಿನ ಶಕ್ತಿಯ ಟಾನಿಕ್, ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ಮಿಡ್‌ಬ್ರೈನ್ ಶಿಬಿರ, ಬಣ್ಣದ ಕನ್ನಡಕ. ಇವುಗಳಿಂದ ಡಿಸ್ಲೆಕ್ಸಿಯಾ ಹೋಗುವುದಿಲ್ಲ.

ಶಾಲೆ, ಮಾಧ್ಯಮ, ಪರೀಕ್ಷೆ

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಇರುವ ಚಿಕ್ಕ ಮಗುವಿಗೆ ಓದಿನ ತೊಂದರೆ ಕಂಡರೆ ಕನ್ನಡ ಮಾಧ್ಯಮಕ್ಕೆ ಬದಲಿಸುವುದು ಯೋಚಿಸಬೇಕಾದ ಮಾತು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನ ಕಾಗುಣಿತ ಮೊದಲೇ ಎಡವುವ ಮಗುವಿಗೆ ಮತ್ತೊಂದು ಗುಂಡಿ. ಶುಲ್ಕವೂ ಉಳಿಯುತ್ತದೆ. ಆದರೆ ಇದನ್ನು ನಾಲ್ಕನೇ ತರಗತಿಯೊಳಗೆ ಮಾಡಬೇಕು. ಎಂಟನೇ ತರಗತಿಯಲ್ಲಿ ಮಾಧ್ಯಮ ಬದಲಿಸಿದರೆ ವಿಜ್ಞಾನದ ಪದಗಳೆಲ್ಲ ಹೊಸದಾಗಿ, ಒಂದರ ಜಾಗದಲ್ಲಿ ಎರಡು ತೊಂದರೆ.

ಪ್ರೌಢಶಾಲೆಯ ಮಗುವಿಗೆ ಆಯ್ಕೆ ಇರುವುದು ರಿಯಾಯಿತಿಯೊಂದಿಗೆ ಎಸ್ಸೆಸ್ಸೆಲ್ಸಿ ಬರೆಯುವುದೋ, ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆ ಸೇರುವುದೋ ಎಂಬುದರ ನಡುವೆ. ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿಗಳನ್ನು ಹೆಸರಿಸಿಯೇ ಹೇಳುತ್ತದೆ. ಪ್ರಮಾಣಪತ್ರದೊಂದಿಗೆ ಮುಖ್ಯ ಶಿಕ್ಷಕರ ಮೂಲಕ ಮಂಡಳಿಗೆ ಅರ್ಜಿ ಹೋಗಬೇಕು. ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಓಡಾಡಿದರೆ ಕೈಗೆ ಸಿಗುವುದಿಲ್ಲ, ಎಂಟರಲ್ಲೇ ಆರಂಭಿಸಿ. ಬರಹಗಾರರ ನೆರವು ಸಿಕ್ಕರೆ ಅದಕ್ಕೂ ಅಭ್ಯಾಸ ಬೇಕು. ಬಾಯಲ್ಲಿ ಹೇಳಿ ಬರೆಸುವುದು ಒಂದು ವಿದ್ಯೆ, ಪರೀಕ್ಷೆಯ ದಿನ ಮೊದಲ ಸಲ ಮಾಡಿದರೆ ಮಗು ತಬ್ಬಿಬ್ಬಾಗುತ್ತದೆ.

ಎನ್‌ಐಒಎಸ್‌ನ ಅನುಕೂಲ ದೊಡ್ಡದು. ಐದು ವಿಷಯ ಸಾಕು, ಒಂದು ಭಾಷೆ ಇದ್ದರೆ ಸಾಕು, ಗಣಿತ ಬೇಡವಾದರೆ ಗೃಹವಿಜ್ಞಾನ, ಚಿತ್ರಕಲೆಯಂಥ ವಿಷಯ ಆರಿಸಬಹುದು. ಐದು ವರ್ಷದ ಅವಧಿಯಲ್ಲಿ ಒಂದೊಂದೇ ವಿಷಯ ಮುಗಿಸಬಹುದು. ಆದರೆ ದಿನದ ಶಾಲೆ ಹೋಗುತ್ತದೆ, ಗೆಳೆಯರು ಹೋಗುತ್ತಾರೆ, ಬಿಸಿಯೂಟವೂ ಹೋಗುತ್ತದೆ. ಕೂಲಿಗೆ ಹೋಗುವ ಮನೆಯಲ್ಲಿ ಶಾಲೆಯಿಲ್ಲದ ಹದಿನಾಲ್ಕರ ಹುಡುಗ ತಿಂಗಳೊಳಗೆ ಗ್ಯಾರೇಜಿನಲ್ಲಿರುತ್ತಾನೆ, ಹುಡುಗಿಗೆ ಗಂಡು ನೋಡಲು ಆರಂಭಿಸುತ್ತಾರೆ. ಹಾಗಾಗಿ ಓದುವ ವಾತಾವರಣವಿದ್ದು ಹಗಲಿನಲ್ಲಿ ನೋಡಿಕೊಳ್ಳುವವರಿದ್ದ ಮನೆಗೆ ಮಾತ್ರ ಇದನ್ನು ಹೇಳುತ್ತೇನೆ. ಉಳಿದವರಿಗೆ ರಿಯಾಯಿತಿಯೊಂದಿಗೆ ಎಸ್ಸೆಸ್ಸೆಲ್ಸಿಯೇ ಕ್ಷೇಮ. ಅಲ್ಲಿ ಆಗದಿದ್ದರೆ ಎನ್‌ಐಒಎಸ್ ಬಾಗಿಲು ಆಮೇಲೂ ತೆರೆದಿರುತ್ತದೆ.

ಕೊನೆಗೆ, ನಿಮ್ಮ ಮನೆಗೆ ಯಾವುದು

ಒಂದರಿಂದ ಮೂರನೇ ತರಗತಿ: ಪ್ರಮಾಣಪತ್ರದ ಚಿಂತೆ ಬಿಡಿ. ಕಣ್ಣು, ಕಿವಿ, ಮಾಧ್ಯಮ ನೋಡಿ, ದಿನದ ಅರ್ಧ ಗಂಟೆ ಆರಂಭಿಸಿ. ಹಣ ಏನಿದ್ದರೂ ಆ ಅರ್ಧ ಗಂಟೆಗೇ ಹೋಗಲಿ.

ನಾಲ್ಕರಿಂದ ಏಳು: ದಿನದ ಓದಿಸುವಿಕೆ ನಿಲ್ಲಿಸದೆ, ರಜೆಯಲ್ಲಿ ಸರ್ಕಾರಿ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ. ಮಗು ಕೂತಲ್ಲಿ ಕೂರದೆ ಚಡಪಡಿಸುತ್ತಿದ್ದರೆ ಅದನ್ನೂ ಅಲ್ಲೇ ಹೇಳಿ. ಗಮನದ ತೊಂದರೆ ಜೊತೆಗಿದ್ದರೆ ಅದಕ್ಕೆ ಚಿಕಿತ್ಸೆಯಿದೆ, ಅದನ್ನು ಬಿಟ್ಟು ಓದು ಕಲಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ತಿಂಗಳಿಗೆ ಮೂರು ಸಾವಿರದವರೆಗೆ ಕೊಡಬಲ್ಲವರು ವಾರಕ್ಕೊಮ್ಮೆ ವಿಶೇಷ ಶಿಕ್ಷಕರು, ಉಳಿದ ದಿನ ಪಕ್ಕದ ಮನೆಯ ಅಕ್ಕ ಎಂದು ಮಾಡಿಕೊಳ್ಳಬಹುದು.

ಎಂಟು ಮತ್ತು ಮೇಲೆ: ಮೊದಲ ಹಣ, ಮೊದಲ ರಜೆ ಪ್ರಮಾಣಪತ್ರಕ್ಕೆ. ಓದಿಸುವುದನ್ನು ಬಿಡಬೇಡಿ, ಆದರೆ ಈ ವಯಸ್ಸಿನಲ್ಲಿ ಪಾಠ ಕೇಳಿಸಿಕೊಂಡು ಕಲಿಯುವುದಕ್ಕೆ, ಹೇಳಿ ಬರೆಸುವುದಕ್ಕೆ ಹೆಚ್ಚು ಸಮಯ ಕೊಡಿ.

ಆಸ್ಪತ್ರೆಯ ಪರೀಕ್ಷೆಗೆ ಹೊರಡುವಾಗ ಚೀಲದಲ್ಲಿ ಇವು ಇರಲಿ: ಮಗುವಿನ ಆಧಾರ್, ಬಿಪಿಎಲ್ ಕಾರ್ಡ್, ಎರಡು ವರ್ಷದ ಅಂಕಪಟ್ಟಿ, ಕಣ್ಣು ಮತ್ತು ಕಿವಿಯ ಚೀಟಿ, ತರಗತಿ ಶಿಕ್ಷಕರಿಂದ ಅರ್ಧ ಪುಟದ ಪತ್ರ, ಮತ್ತು ಮಗುವಿನ ನೋಟ್‌ಬುಕ್ಕುಗಳು. ಹೂವಿನ ತಾಯಿ ಹೋಗುವ ಹಿಂದಿನ ರಾತ್ರಿ ಮಗನ ಪುಸ್ತಕಗಳನ್ನೆಲ್ಲ ಒಪ್ಪವಾಗಿ ಮತ್ತೆ ಬರೆಸಿದ್ದರು, ಡಾಕ್ಟರ್ ಮುಂದೆ ಮರ್ಯಾದೆ ಹೋಗಬಾರದೆಂದು. ಹಳೆಯ, ತಪ್ಪು ತುಂಬಿದ, ಕೆಂಪು ಶಾಯಿಯ ಪುಸ್ತಕಗಳನ್ನೇ ತೆಗೆದುಕೊಂಡು ಹೋಗಿ. ಅಲ್ಲಿ ಕೂತವರಿಗೆ ನೋಡಬೇಕಾಗಿರುವುದು ಆ ತಪ್ಪುಗಳನ್ನೇ.